ಖರೇ ಹೇಳ್ರಿ ಮೇಡಂ, ನಿಮ್ದು ಯಾವ ಪಾರ್ಟಿ?

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ತರಕಾರಿ ಕೊಳ್ಳುವಾಗಲೂ ಈ ಪ್ರಶ್ನೆ ನನ್ನ ಬೆನ್ನು ಬಿಡುವುದಿಲ್ಲ. ಎಂಎ ಹುಡುಗರಿಗೆ ರಾಜ್ಯಶಾಸ್ತ್ರ ಪಾಠ ಮಾಡುವವಳಿಗೆ ಒಂದು ಪಾರ್ಟಿ ಇರಲೇಬೇಕು ಅಂತ ಜನರ ಲೆಕ್ಕ. ವೋಟಂತೂ ತಪ್ಪದೆ ಹಾಕುತ್ತೇನೆ. ಯಾರಿಗೆ ಅಂತ ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ.

ಕಾರಣ ಇಷ್ಟೇ: ಇಂಟರ್ನಲ್ ಮಾರ್ಕ್ಸ್ ನನ್ನ ಕೈಯಲ್ಲಿದೆ. ನನ್ನ ಒಲವು ಗೊತ್ತಾದರೆ ಅಸೈನ್‌ಮೆಂಟ್‌ಗಳೆಲ್ಲ ಆ ಕಡೆಗೇ ವಾಲುತ್ತವೆ. ಹುಡುಗರು ಜಾಣರು, ಅಲ್ವಾ?

ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371ಜೆ ವಿಧಿಯ ಪಾಠದ ದಿನ ನೋಡಬೇಕು. ಈ ಭಾಗದವರು ಅನ್ನುವ 371ಜೆ ಸರ್ಟಿಫಿಕೇಟ್ ಹಿಡಿದೇ ಸೀಟು ಪಡೆದವರು ಕ್ಲಾಸಿನಲ್ಲಿ ಎಷ್ಟೋ ಮಂದಿ. ಆ ವಿಧಿಯನ್ನು ತಂದವರು ಯಾರು ಅಂತ ಒಬ್ಬರು ಮಾತೆತ್ತಿದರೆ ಸಾಕು, ಬೆಂಚುಗಳು ಎರಡು ಪಾಲಾಗುತ್ತವೆ. ನಾನು ತೀರ್ಪು ಕೊಡುವುದಿಲ್ಲ, ವಿಧಿಯನ್ನೇ ಓದಿಸುತ್ತೇನೆ. "ಎಂಟು ಪರ್ಸೆಂಟ್ ಮೀಸಲಾತಿ ಎಲ್ಲಿದೆ, ತೋರಿಸಿ" ಅನ್ನುತ್ತೇನೆ. ಹುಡುಕುತ್ತಾರೆ, ಸಿಗುವುದಿಲ್ಲ! ವಿಧಿಯಲ್ಲಿ ಇರುವುದು ರಾಜ್ಯಪಾಲರ ವಿಶೇಷ ಹೊಣೆ, ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಹಣದ ನ್ಯಾಯವಾದ ಹಂಚಿಕೆ, ಓದು-ನೌಕರಿಯಲ್ಲಿ ಇಲ್ಲಿನವರಿಗೆ ಮೀಸಲಾತಿ ಕೊಡುವ ಅವಕಾಶ. ಮಂಡಳಿ ಏನು ಮಾಡಿತು ಅಂತ ವರ್ಷಕ್ಕೊಮ್ಮೆ ವಿಧಾನಸಭೆಗೆ ವರದಿ ಕೊಡಬೇಕು ಅಂತಲೂ ಇದೆ. ಈ ಸಾಲು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ರಾಜ್ಯಮಟ್ಟದ ಹುದ್ದೆಗಳಲ್ಲಿ 8, ಇಲ್ಲಿನ ಗ್ರೂಪ್ ಡಿ ಹುದ್ದೆಗಳಲ್ಲಿ 85 ಪರ್ಸೆಂಟ್ ಎಂಬುದೆಲ್ಲ 2013ರಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಆದೇಶದ ಲೆಕ್ಕ.

ಆಮೇಲೆ ಬೋರ್ಡಿನ ಮೇಲೆ ಬರೆಯುತ್ತೇನೆ. 2012ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಮಸೂದೆ ಸಂಸತ್ತಿನಲ್ಲಿ ಪಾಸಾದಾಗ ದೆಹಲಿಯಲ್ಲಿ ಕಾಂಗ್ರೆಸ್ ಮುಂದಾಳತ್ವದ ಯುಪಿಎ, ಬೆಂಗಳೂರಿನಲ್ಲಿ ಬಿಜೆಪಿ. ಆದೇಶ ಬರುವ ಹೊತ್ತಿಗೆ ಬೆಂಗಳೂರಿನಲ್ಲಿ ಕಾಂಗ್ರೆಸ್. ಸಂವಿಧಾನ ತಿದ್ದಲು ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಪಾಲಿನ ಬೆಂಬಲ ಬೇಕು. ಯುಪಿಎಗೆ ಆಗ ಲೋಕಸಭೆಯಲ್ಲಿ ಅಷ್ಟು ಸದಸ್ಯರಿರಲಿಲ್ಲ. ಉಳಿದದ್ದನ್ನು ಅವರೇ ಕೂಡಿಸಿ ಕಳೆಯಲಿ ಅಂತ ಚಾಕ್‌ಪೀಸ್ ಕೆಳಗಿಡುತ್ತೇನೆ.

ಹಾಗಂತ ಎಲ್ಲದಕ್ಕೂ ಸುಮ್ನೆ ಕೂರುವವಳೂ ಅಲ್ಲ. "ಓದು ಬರದವರಿಗೆ ವೋಟು ಯಾಕ್ರಿ ಮೇಡಂ?" ಅಂತ ಕೇಳುವವನು ಪ್ರತಿ ಬ್ಯಾಚ್‌ನಲ್ಲೂ ಸಿಗುತ್ತಾನೆ. ಅಲ್ಲಿ 'ಇದೂ ಸರಿ, ಅದೂ ಸರಿ' ಅನ್ನುವ ಆಟ ನನ್ನದಲ್ಲ. ವಯಸ್ಕರೆಲ್ಲರಿಗೂ ವೋಟು ಕೊಡುವ 326ನೇ ವಿಧಿ ತೆಗೆಸುತ್ತೇನೆ. 1951ರ ಜನಗಣತಿಯಲ್ಲಿ ಓದು ಬಲ್ಲವರು ಐವರಲ್ಲಿ ಒಬ್ಬರೂ ಇರಲಿಲ್ಲ, ಅಂಥವರೇ ಸಾಲುಗಟ್ಟಿ ನಿಂತು ಮೊದಲ ಲೋಕಸಭೆ ಆರಿಸಿದರು ಅನ್ನುತ್ತೇನೆ. "ನಿಮ್ಮ ಅಜ್ಜಿಗೆ ವೋಟು ಬೇಡ ಅಂತ ಮನೆಗೆ ಹೋಗಿ ಹೇಳಪ್ಪಾ, ನೋಡೋಣ" ಅಂತಲೂ ಕಾಲೆಳೆಯುತ್ತೇನೆ. ಅವನು ಒಪ್ಪದಿದ್ದರೆ ಬರೆದು ವಾದ ಮಾಡಲಿ. ವಾದ ಗಟ್ಟಿಯಿದ್ದರೆ ಒಂದು ಮಾರ್ಕನ್ನೂ ಕತ್ತರಿಸುವುದಿಲ್ಲ.