ಮಾರ್ಕೋನಹಳ್ಳಿಯ ಮೂರನೇ ಹಕ್ಕಿ

ತುಮಕೂರಿನಲ್ಲಿ ನನ್ನ ತಂಗಿಯ ಮನೆ. ಫೆಬ್ರವರಿ ಎರಡನೇ ವಾರ ನಾಲ್ಕು ದಿನ ರಜೆ ಹಾಕಿ ಹೋಗಿದ್ದೆ. ಮೊದಲ ದಿನ ಮೈದನಹಳ್ಳಿಯ ಹುಲ್ಲುಗಾವಲಲ್ಲಿ ಕೃಷ್ಣಮೃಗ ನೋಡಿದೆವು. ಎರಡನೇ ದಿನ ಶಿರಾ ಕಡೆಯ ಕಗ್ಗಲಡು. ಊರೊಳಗಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಆಗತಾನೇ ಬಂದು ಜಾಗ ಹಿಡಿಯುತ್ತಿದ್ದವು. ಎರಡೂ ಚೆಂದ. ಆದರೆ ಮನೆಗೆ ಬಂದು ತಿಂಗಳಾದ ಮೇಲೂ ತಲೆಯಲ್ಲಿ ಉಳಿದಿರೋದು ಮಾರ್ಕೋನಹಳ್ಳಿ ಜಲಾಶಯದಲ್ಲಿ ಕಂಡ ಒಂದು ಹಕ್ಕಿ. ಅದರ ಬಗ್ಗೆ ಬರೆಯೋಕೇ ಕೂತಿದ್ದೇನೆ.

ಮೂರನೇ ದಿನ ಬೆಳಿಗ್ಗೆ ಐದಕ್ಕೆ ಬರ್ತೀನಿ ಅಂದಿದ್ದ ಬಾಡಿಗೆ ಕಾರು ಬಂದಿದ್ದು ಏಳೂಕಾಲಿಗೆ. ಫೋನ್ ಮಾಡಿದಾಗಲೆಲ್ಲ 'ಹತ್ತೇ ನಿಮಿಷ ಮೇಡಂ' ಅನ್ನೋ ಮಾತು. ಈಗ ನೆನೆಸಿಕೊಂಡರೂ ಸಿಟ್ಟು ಬರುತ್ತದೆ. ಕುಣಿಗಲ್ ದಾಟಿ, ಎಡೆಯೂರು ಹಾದು, ಕಟ್ಟೆಯ ಮೇಲೆ ಇಳಿದಾಗ ಎಂಟೂವರೆ ಮೀರಿತ್ತು. ನೀರುಹಕ್ಕಿ ನೋಡೋಕೆ ಹೋಗುವವರು ದಯವಿಟ್ಟು ಇದೊಂದು ನೆನಪಿಡಿ. ಸೂರ್ಯ ಹುಟ್ಟುವ ಮೊದಲೇ ದಡದಲ್ಲಿರಿ. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ಕುದಿಯೋಕೆ ಶುರುವಾಗುತ್ತದೆ. ದುರ್ಬೀನಿನಲ್ಲಿ ಹಕ್ಕಿ ಅಲುಗಾಡುತ್ತದೆ, ಕ್ಯಾಮೆರಾದಲ್ಲಿ ಅಂಚುಗಳೆಲ್ಲ ಕರಗುತ್ತವೆ. ಲಕ್ಷ ರೂಪಾಯಿಯ ಲೆನ್ಸ್ ಇದ್ದರೂ ಅಷ್ಟೇ. ಹಿಂದಿನ ರಾತ್ರಿಯೇ ಎಡೆಯೂರಿನಲ್ಲಿ ಉಳಿದುಕೊಂಡರೆ ಕಾರಿನವರ ಹಂಗೇ ಇರಲ್ಲ. ನಾನು ಆಮೇಲೆ ಮಾಡಿದ್ದೂ ಅದನ್ನೇ.

ಮಾರ್ಕೋನಹಳ್ಳಿ ಕಟ್ಟೆ ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿದ್ದು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಆ ಸಣ್ಣ ಹೊಳೆ ಇಲ್ಲಿ ಕಣ್ಣು ಹಾಯುವಷ್ಟು ನೀರಾಗಿ ನಿಂತಿದೆ. ನೀರು ಮಟ್ಟ ಮೀರಿದರೆ ಯಾರೂ ಗೇಟು ಎತ್ತಬೇಕಿಲ್ಲ. ಸೈಫನ್ ತಾನೇ ನೀರೆಳೆದು ಆಚೆ ಸುರಿಯುತ್ತದೆ. ಎಲ್ಲರೂ ಅದನ್ನು ನೋಡೋಕೆ ಮಳೆಗಾಲದಲ್ಲಿ ಬರ್ತಾರೆ. ನನಗೆ ಫೆಬ್ರವರಿಯ ಮಾರ್ಕೋನಹಳ್ಳಿಯೇ ಇಷ್ಟ. ಜನ ಇಲ್ಲ, ಗಲಾಟೆ ಇಲ್ಲ. ನೀರು ಸ್ವಲ್ಪ ಇಳಿದು ಕಲ್ಲುಗಳು ತಲೆ ಎತ್ತಿರುತ್ತವೆ, ಹಕ್ಕಿಗಳು ಕೂರೋದು ಅಲ್ಲೇ.

ಮೊದಲು ಕಂಡಿದ್ದು ರೀವಗಳು, ಇಂಗ್ಲಿಷಿನಲ್ಲಿ ಟರ್ನ್ ಅನ್ನೋ ನೀರುಹಕ್ಕಿ. ಹೊಳೆ ರೀವ ಹತ್ತಾರು ಇದ್ದವು. ಅವುಗಳ ನಡುವೆ ಒಂದು ಕಲ್ಲಿನ ಮೇಲೆ ಮೂರು ದಪ್ಪ ಹಕ್ಕಿ. ಗಲ್! ಕಡಲಕ್ಕಿ! ಸಮುದ್ರ ಎಲ್ಲಿ, ಕುಣಿಗಲ್ ತಾಲೂಕು ಎಲ್ಲಿ? ಎರಡನ್ನೂ ಒಟ್ಟಿಗೆ ನೋಡಿ ಗೊತ್ತಿಲ್ಲದವರಿಗೆ ಎಲ್ಲವೂ 'ಬಿಳಿ ಹಕ್ಕಿ'. ಹಾರುವಾಗ ನೋಡಿದರೆ ಮಾತ್ರ ಗೊಂದಲ ಇಲ್ಲ. ರೀವ ತೆಳ್ಳಗೆ, ಬಾಲ ಕವಲು, ತಲೆ ಬಗ್ಗಿಸಿ ನೀರನ್ನೇ ಹುಡುಕುತ್ತಾ ಹೋಗುತ್ತದೆ. ಗಲ್ ನೇರ ಮುಂದೆ ನೋಡುತ್ತಾ ಸಾವಕಾಶವಾಗಿ ರೆಕ್ಕೆ ಬಡಿಯುತ್ತದೆ, ಬೇಕಾದಾಗ ಬಾತುಕೋಳಿ ಥರ ನೀರಿನ ಮೇಲೆ ಕೂತುಬಿಡುತ್ತದೆ.

ಮೂರರಲ್ಲಿ ಎರಡು ಸುಲಭ. ಕಂದುತಲೆ ಗಲ್, ಬೆಳೆದವು. ಕಣ್ಣು ತಿಳಿ ಬಣ್ಣದ್ದು, ಅದರಿಂದಲೇ ಮುಖಕ್ಕೊಂದು ಗಡಸುತನ. ಕೊಕ್ಕು ಕೆಂಪು, ತುದಿ ಕಪ್ಪು. ಒಂದಕ್ಕೆ ತಲೆಯ ಮೇಲೆ ಕಾಫಿ ಪುಡಿ ಉದುರಿಸಿದ ಹಾಗೆ ಕಂದು ಬರೋಕೆ ಶುರುವಾಗಿತ್ತು. ಚಳಿಗಾಲದಲ್ಲಿ ಆ ಕಂದು ಟೋಪಿ ಉದುರಿಹೋಗಿ ಕಿವಿಯ ಹತ್ತಿರ ಒಂದು ಮಸಿಚುಕ್ಕೆ ಮಾತ್ರ ಉಳಿದಿರುತ್ತದೆ, ಬೇಸಿಗೆ ಹತ್ತಿರ ಬಂದ ಹಾಗೆ ಮತ್ತೆ ತುಂಬುತ್ತದೆ. ಎದ್ದು ಹಾರಿದಾಗ ರೆಕ್ಕೆಯ ಕಪ್ಪು ತುದಿಯೊಳಗೆ ಎರಡು ಬಿಳಿ ಬೊಟ್ಟು ಕಂಡವು. ಗಲ್ ನೋಡುವವರು ಇದಕ್ಕೆ ಮಿರರ್ ಅಂತಾರೆ. ಕಪ್ಪು ಗೋಡೆಯಲ್ಲಿ ಕಿಟಕಿ ಕೊರೆದ ಹಾಗೆ ಇರುತ್ತವೆ. ಅವು ಕಂಡರೆ ಮುಗೀತು, ಬೇರೆ ಯೋಚನೆ ಬೇಡ.

ಮೂರನೆಯದೇ ತೊಂದರೆ ಕೊಟ್ಟಿದ್ದು. ಕಣ್ಣು ಕಪ್ಪು. ರೆಕ್ಕೆಯ ಮೇಲೆ ಕಂದು ಮಚ್ಚೆ, ಬಾಲದ ತುದಿಗೆ ಕಪ್ಪು ಪಟ್ಟಿ. ಅಂದರೆ ಇದು ಮರಿ, ಹೋದ ಬೇಸಿಗೆಯಲ್ಲಿ ಹುಟ್ಟಿದ್ದು. ಅಷ್ಟು ಖಾತ್ರಿ. ಆದರೆ ಯಾವುದರ ಮರಿ? ಕಂದುತಲೆಯದ್ದೋ, ಕರಿತಲೆಯದ್ದೋ?

ಈ ಎರಡರ ಹೆಸರನ್ನು ನಂಬಿಕೊಂಡು ಕೂತರೆ ಕೆಟ್ಟೆವು. ಕರಿತಲೆ ಗಲ್‌ನ ತಲೆಯೂ ಕಪ್ಪಲ್ಲ, ಗಾಢ ಚಾಕೊಲೇಟ್ ಕಂದು. ಅದೂ ಚಳಿಗಾಲದಲ್ಲಿ ಇರಲ್ಲ. ಗಾತ್ರದಲ್ಲಿ ಕರಿತಲೆ ಒಂದಿಂಚು ಸಣ್ಣದು ಅಷ್ಟೇ, ಕೊಕ್ಕು ತೆಳು. ನಿಜವಾದ ವ್ಯತ್ಯಾಸ ರೆಕ್ಕೆಯಲ್ಲಿದೆ. ಕರಿತಲೆಗೆ ರೆಕ್ಕೆಯ ಮುಂದಿನ ಅಂಚಿನುದ್ದಕ್ಕೂ ಬಿಳಿ, ಕಪ್ಪು ತುದಿಯಲ್ಲಿ ಮಾತ್ರ. ಕಂದುತಲೆಗೆ ರೆಕ್ಕೆಯ ಕೊನೆಯೆಲ್ಲ ಕಪ್ಪು, ಬಿಳಿ ಒಳಗಡೆ ಗರಿಗಳ ಬುಡದಲ್ಲಿ. ಬೆಳೆದ ಹಕ್ಕಿಯಾದರೆ ಮಿರರ್ ನೋಡಿ ಹೇಳಿಬಿಡಬಹುದು. ಮರಿಗೆ ಮಿರರ್ ಇನ್ನೂ ಬಂದಿರಲ್ಲ, ಕಣ್ಣೂ ತಿಳಿಯಾಗಿರಲ್ಲ. ಹಾಗಾಗಿ ಕಂದುತಲೆಯ ಮರಿ ಎಷ್ಟೋ ಜನರ ಪಟ್ಟಿಯಲ್ಲಿ ಕರಿತಲೆಯಾಗಿ ಸೇರಿಬಿಡುತ್ತದೆ.

ಕಾಯುತ್ತಾ ಕೂತೆ. ಅದು ಎರಡು ಸಲ ಹಾರಿತು. ಎರಡೂ ಸಲ ಕ್ಲಿಕ್ಕಿಸಿದೆ. ದೂರ, ಮೇಲೆ ಬಿಸಿಲು, ಹಿಂದೆ ಕಪ್ಪು ನೀರು. ಪರದೆಯಲ್ಲಿ ದೊಡ್ಡದು ಮಾಡಿ ನೋಡಿದರೆ ರೆಕ್ಕೆಯ ಮುಂದೆಲ್ಲ ಬಿಳಿ. ಮೊಬೈಲಿನ ಗುರುತಿಸುವ ಆ್ಯಪ್‌ಗೆ ಹಾಕಿದೆ. ಅದೂ ಕರಿತಲೆ ಅಂತಲೇ ಹೇಳಿತು. ನಾನೂ ಹಾಗೇ ಬರೆದುಕೊಂಡೆ.

ಅಷ್ಟರಲ್ಲಿ ಒಬ್ಬರು ತೆಪ್ಪ ಹೊತ್ತುಕೊಂಡು ದಡಕ್ಕೆ ಬಂದರು. ಐವತ್ತೈದು ಅರವತ್ತರ ಮೀನುಗಾರರು. ತೆಪ್ಪ ಬೋರಲು ಹಾಕಿ, ಬೀಡಿ ಹಚ್ಚಿ, ಏನು ನೋಡ್ತಿದೀರಾ ಅಂದರು. ತೋರಿಸಿದೆ.

"ಓ, ಬಿಳಿಕಾಗೆ! ಮೂರವೆ. ಬಲೆ ಎತ್ತೋ ಹೊತ್ತಿಗೆ ಸರಿಯಾಗಿ ಬತ್ತವೆ."

"ಎರಡು ಒಂದು ಜಾತಿ, ಒಂದು ಬೇರೆ ಜಾತಿ," ಅಂದೆ.

ಅವರು ಕಲ್ಲಿನ ಕಡೆ ನೋಡಿದರು. ದುರ್ಬೀನು ಕೊಡೋಕೆ ಹೋದರೆ ಬೇಡ ಅಂದರು.

"ಬೇರೆ ಅಂತ ಹೆಂಗೆ ಹೇಳ್ತೀಯಕ್ಕ?"

ಕಣ್ಣಿನ ಬಣ್ಣ ಹೇಳಿದೆ, ಬಿಳಿ ಬೊಟ್ಟು ಇಲ್ಲ ಅಂದೆ, ಫೋಟೊ ತೋರಿಸಿದೆ. ತುಂಬಾ ಹೊತ್ತು ನೋಡಿದರು. ಆಮೇಲೆ ಹೇಳಿದರು, "ನಿಮ್ಮನೇಲಿ ನಾಟಿ ಕೋಳಿ ಸಾಕಿದೀರಾ?"

ಅಜ್ಜಿ ಮನೆಯಲ್ಲಿ ಇದ್ದವು ಅಂದೆ.

"ಹುಂಜದ ಪುಕ್ಕ ಮರಿಗೆ ಹುಟ್ಟಿದ ದಿನವೇ ಬತ್ತದಾ? ಇದು ಅದೇ ಜಾತಿದು ಕಣಕ್ಕ. ಕೊಕ್ಕು ನೋಡು, ಅವೆರಡರಷ್ಟೇ ದಪ್ಪ. ಪಕ್ಕದಲ್ಲಿ ಕೂತ್ರೆ ಎತ್ತರಾನೂ ಒಂದೇ. ಬಣ್ಣ ಬಂದಿಲ್ಲ ಅಷ್ಟೇಯ."

ನಾನು ಫೋಟೊದಲ್ಲಿ ರೆಕ್ಕೆ ಬಿಳಿ ಇದೆಯಲ್ಲ ಅಂದೆ. ಅವರು ಬೀಡಿ ಎಳೆದು, "ಫೋಟ ಒಂದು ಗಳಿಗೇದು. ನಾನು ದಿನಾ ನೋಡ್ತೀನಿ. ತೆಪ್ಪದ ಪಕ್ಕದಲ್ಲೇ ಹಾರ್ತದೆ. ರೆಕ್ಕೆ ತುದಿ ಇದ್ದಲು ಇದ್ದಂಗೆ ಅದೆ," ಅಂದರು.

ಇದ್ದಲು. ಆ ಮಾತು ಕೇಳಿ ನನಗೆ ಮೈ ಜುಮ್ಮೆಂದಿತು. ಬಿಳಿ ಅಂಚಿನ ಬಗ್ಗೆ ನಾನು ಅಷ್ಟು ಹೇಳಿದ ಮೇಲೂ ಅವರು ಅಲುಗಾಡಲಿಲ್ಲ. ಮೀನು ಬಿಡಿಸುತ್ತಾ ಇನ್ನೂ ಅರ್ಧ ಗಂಟೆ ಮಾತಾಡಿದರು. ದೊಡ್ಡವು ಬಲೆಯಿಂದ ಬಿದ್ದ ಸಣ್ಣ ಮೀನಿಗೆ ಮೊದಲು ನುಗ್ಗುತ್ತವಂತೆ, ಮರಿ ಹಿಂದೆ ಉಳಿಯುತ್ತದಂತೆ. ಈಚೆಗೆ ಅದೂ ಕಲಿತಿದೆ ಅಂದರು. ಇದು ಎಲ್ಲಿಂದ ಬರ್ತದೆ ಅಂತ ಕೇಳಿದರು. ಕಂದುತಲೆ ಗಲ್ ಮೊಟ್ಟೆ ಇಡೋದು ಲಡಾಖ್, ಟಿಬೆಟ್, ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ ಅಂದೆ. ಲಡಾಖಿನ ತ್ಸೊ ಮೊರಿರಿ ಸರೋವರ 4,500 ಮೀಟರ್ ಎತ್ತರದಲ್ಲಿದೆ, ಅಲ್ಲಿ ಮರವೇ ಬೆಳೆಯಲ್ಲ ಅಂದೆ. "ಹಂಗಾದ್ರೆ ಸಮುದ್ರದ್ದಲ್ಲ," ಅಂದರು. ಅಲ್ಲ. ಇದು ಹುಟ್ಟೋದು ಕೆರೆಯ ಹತ್ತಿರವೇ. ಚಳಿಗಾಲಕ್ಕೆ ಕೆಲವು ಕಡಲಿಗೆ ಹೋಗುತ್ತವೆ, ಕೆಲವು ಹೀಗೆ ಒಳನಾಡಿನ ನೀರಿಗೆ ಬರುತ್ತವೆ. 1840ರಲ್ಲಿ ಜೆರ್ಡನ್ ಅನ್ನುವ ವೈದ್ಯರು ಈ ಹಕ್ಕಿಗೆ ವೈಜ್ಞಾನಿಕ ಹೆಸರು ಕೊಟ್ಟಿದ್ದು ನಮ್ಮ ಪಶ್ಚಿಮ ಕರಾವಳಿಯಲ್ಲಿ ಸಿಕ್ಕ ಹಕ್ಕಿಯನ್ನು ನೋಡಿ. ಕಡಲಕ್ಕಿ ಅನ್ನೋ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ ಅಲ್ವಾ?

ಮಧ್ಯಾಹ್ನ ಎಡೆಯೂರು ಸಿದ್ಧಲಿಂಗೇಶ್ವರ ದೇವಸ್ಥಾನದ ದಾಸೋಹದಲ್ಲಿ ಊಟ. ಬಿಸಿ ಅನ್ನ, ಸಾರು, ಪಾಯಸ. ಬೆಳಿಗ್ಗೆ ಹೆದ್ದಾರಿಯ ಹೋಟೆಲಿನಲ್ಲಿ ತಿಂದ ತಟ್ಟೆ ಇಡ್ಲಿಗಿಂತ ಸಾವಿರ ಪಾಲು ಮೇಲು. ಕ್ಯಾತಸಂದ್ರದ ತಟ್ಟೆ ಇಡ್ಲಿ ತಿಂದ ನಾಲಿಗೆಗೆ ಬೇರೆ ಕಡೆಯದು ಹತ್ತಲ್ಲ.

ರಾತ್ರಿ ಅಲ್ಲೇ ರೂಮು ಮಾಡಿ ಲ್ಯಾಪ್‌ಟಾಪ್ ತೆಗೆದೆ. ಆ ಹಕ್ಕಿಯ 64 ಫೋಟೊ ಇದ್ದವು. ಬೆಳಿಗ್ಗೆ ನಾನು ನೋಡಿದ್ದು ಅತ್ಯಂತ ಚೂಪಾಗಿದ್ದ ಒಂದನ್ನು ಮಾತ್ರ. ಈಗ ಒಂದೊಂದಾಗಿ, ಹಾರಿದ ಕ್ರಮದಲ್ಲೇ ನೋಡಿದೆ. ಆ ಚೂಪಾದ ಫೋಟೊದಲ್ಲಿ ರೆಕ್ಕೆ ಅರ್ಧ ಮಡಚಿತ್ತು. ಹೊರಗಿನ ಗರಿಗಳು ಒಂದರ ಹಿಂದೆ ಒಂದು ಅಡಗಿದ್ದವು. ಕಾಣುತ್ತಿದ್ದದ್ದು ಬುಡದ ಬಿಳಿ ಮಾತ್ರ. ಅದೂ ಬೆಳಕು ಜಾಸ್ತಿಯಾಗಿ ಸುಟ್ಟು ಆಚೀಚೆ ಹರಡಿತ್ತು. ಮುಂದಿನ ನಾಲ್ಕು ಫೋಟೊ ಮಸುಕು. ಆದರೆ ರೆಕ್ಕೆ ಪೂರ್ತಿ ಬಿಚ್ಚಿದೆ. ತುದಿ ಕಪ್ಪೋ ಕಪ್ಪು. ಮಸುಕಾಗಿವೆ ಅಂತ ಅಳಿಸೋಕೆ ಹೊರಟಿದ್ದ ಫೋಟೊಗಳೇ ನಿಜ ಹೇಳುತ್ತಿದ್ದವು.

ಕಪ್ಪು ನೀರಿನ ಮುಂದೆ ಬಿಳಿ ಹಕ್ಕಿ ಇದ್ದರೆ ಕ್ಯಾಮೆರಾ ಇಡೀ ದೃಶ್ಯ ಕತ್ತಲಾಗಿದೆ ಅಂತ ತಿಳಿದು ಬೆಳಕು ಏರಿಸಿಬಿಡುತ್ತದೆ. ಎಕ್ಸ್‌ಪೋಶರ್ ಒಂದು ಸ್ಟಾಪ್, ಅಂದರೆ ಬೆಳಕು ಅರ್ಧಕ್ಕೆ, ಇಳಿಸಿಟ್ಟುಕೊಂಡೇ ತೆಗೆಯಬೇಕು. ಬಣ್ಣದ ವಿಷಯದಲ್ಲೂ ಹೀಗೇ. ಮಲ್ಪೆಯಲ್ಲಿ ಒಮ್ಮೆ ಒಂದೇ ದೊಡ್ಡ ಗಲ್ ಬಿಸಿಲಲ್ಲಿ ತಿಳಿ ಬೂದು, ಮೋಡ ಬಂದ ಕೂಡಲೇ ಸ್ಲೇಟಿನಷ್ಟು ಗಾಢವಾಗಿ ಕಂಡಿತ್ತು. ಆ ದೊಡ್ಡ ಗಲ್‌ಗಳಲ್ಲಿ ಹ್ಯೂಗ್ಲಿನ್ ಯಾವುದು, ಸ್ಟೆಪ್ಪಿ ಯಾವುದು ಅಂತ ಬೆನ್ನಿನ ಬೂದು ನೋಡಿಯೇ ವಾದ ಮಾಡ್ತಾರೆ. ಒಂದೇ ಫೋಟೊ ಇಟ್ಟುಕೊಂಡು ಹಾಗೆ ವಾದ ಮಾಡೋದು ನನಗೆ ಒಪ್ಪಿಗೆಯಿಲ್ಲ. ಪಕ್ಕದಲ್ಲಿ ಇನ್ನೊಂದು ಹಕ್ಕಿ ಇದ್ದರೆ ಮಾತ್ರ ಆ ಬೂದುವಿಗೆ ಅರ್ಥ. ಮೀನುಗಾರರೂ ಅದನ್ನೇ ತಾನೆ ಮಾಡಿದ್ದು? ಪಕ್ಕದಲ್ಲಿ ಕೂತಾಗ ಅಳೆದರು.

ನಾಲ್ಕನೇ ದಿನ ಆರೂಕಾಲಿಗೆ ದಡದಲ್ಲಿದ್ದೆ. ನೀರಿನ ಮೇಲೆ ತೆಳು ಮಂಜು. ಮೂರೂ ಅದೇ ಕಲ್ಲಿನ ಮೇಲೆ, ಗಾಳಿಗೆ ಎದುರಾಗಿ ಕೂತಿದ್ದವು. ಕ್ಯಾಮೆರಾ ಚೀಲದಲ್ಲೇ ಬಿಟ್ಟು ದುರ್ಬೀನು ಹಿಡಿದೆ. ಬಹಳ ಹೊತ್ತು ಏನೂ ಆಗಲಿಲ್ಲ. ಮರಿ ಎದೆಯ ಗರಿ ಸರಿ ಮಾಡಿಕೊಂಡಿತು. ಒಂದು ಕಾಲೆತ್ತಿ ಕೆನ್ನೆ ಕೆರೆದುಕೊಂಡಿತು. ಕೊಕ್ಕಿನ ಬುಡ ಕಿತ್ತಳೆ, ತುದಿ ಕಪ್ಪು, ಅವೆರಡರಷ್ಟೇ ದಪ್ಪ. ಆಮೇಲೆ ನಿದ್ದೆಯಿಂದ ಎದ್ದ ಮಗು ಮೈಮುರಿದ ಹಾಗೆ ಎರಡೂ ರೆಕ್ಕೆ ತಲೆಯ ಮೇಲಕ್ಕೆ ನೆಟ್ಟಗೆ ಎತ್ತಿತು. ಎರಡು ಸೆಕೆಂಡು ಇರಬಹುದು. ಹೊರಗಿನ ಗರಿಗಳು ತುದಿಯಿಂದ ಬುಡದವರೆಗೂ ಕಪ್ಪು. ಮುಂದಿನ ಅಂಚಿನಲ್ಲಿ ಬಿಳಿಯ ಎಳೆಯೂ ಇಲ್ಲ. ಬಿಳಿ ಒಳಗಡೆ, ಚಿಕ್ಕ ತುಂಡಾಗಿ. ಬೊಟ್ಟು ಇಲ್ಲ. ಇದ್ದಲು.

ಕಂದುತಲೆಯ ಮರಿ. ಹುಟ್ಟಿ ಇನ್ನೂ ಒಂದು ವರ್ಷ ತುಂಬಿಲ್ಲ. ಹಿಮಾಲಯದ ಆಚೆಯ ಯಾವುದೋ ತಣ್ಣನೆ ನೀರಿನ ಪಕ್ಕ ಮೊಟ್ಟೆಯೊಡೆದು, ಮೊದಲ ಪಯಣದಲ್ಲೇ ಶಿಂಷೆಯ ಕಲ್ಲು ಹುಡುಕಿಕೊಂಡು ಬಂದಿದೆ. ನನ್ನ ಕಣ್ಣು ತುಂಬಿ ಬಂತು. ತಂಗಿಗೆ ಫೋನ್ ಮಾಡಿ ಹೇಳಿದೆ. ಅವಳು ಆಗಿನ್ನೂ ಎದ್ದಿರಲಿಲ್ಲ.

ಏಳೂವರೆಗೆ ತೆಪ್ಪ ವಾಪಸ್ ಬಂತು. ಕರಿತಲೆ ಅಂತ ಬರೆದು ಹೊಡೆದುಹಾಕಿದ್ದ ಪುಸ್ತಕದ ಪುಟ ತೋರಿಸಿದೆ. ಅವರು ಓದಿ ತಲೆಯಾಡಿಸಿದರು, ಖುಷಿಯಾಗಿತ್ತು ಅನ್ನೋದು ಮುಖದಲ್ಲೇ ಕಾಣುತ್ತಿತ್ತು. ಬುಟ್ಟಿಯಿಂದ ಬೆರಳುದ್ದದ ಒಂದು ಮೀನು ತೆಗೆದು ನೀರಿಗೆ ಎಸೆದರು. ಮೂರೂ ಎದ್ದವು.

"ಮುಂದಿನ ವರ್ಷ ಬಂದ್ರೆ ಇದನ್ನ ಗುರುತು ಹಿಡೀತೀಯಾ?" ಅಂದರು.

"ಇಲ್ಲ. ಅಷ್ಟೊತ್ತಿಗೆ ಕಣ್ಣು ತಿಳಿಯಾಗಿರುತ್ತೆ, ರೆಕ್ಕೆಗೆ ಬೊಟ್ಟು ಬಂದಿರುತ್ತೆ. ಉಳಿದವುಗಳ ಥರಾನೇ ಕಾಣುತ್ತೆ."

"ನನಗೂ ಆಗಲ್ಲ," ಅಂದರು. ಮೀನು ದೊಡ್ಡದರ ಪಾಲಾಯಿತು. ಅವರು ಇನ್ನೊಂದು ತೆಗೆದು, ಈ ಸಲ ಮರಿ ಇದ್ದ ಕಡೆಗೆ ನೋಡಿ ಎಸೆದರು.