ಮೆಕ್ಕೆಜೋಳಕ್ಕಿರುವ ಧಾರಣೆ ನಮ್ಮ ದುಡಿಮೆಗಿಲ್ಲವೇ?

ದಾವಣಗೆರೆಯ ಎಪಿಎಂಸಿಗೆ ಮೆಕ್ಕೆಜೋಳ ತರುವ ರೈತನಿಗೆ ಅಂದಿನ ಧಾರಣೆ ಎಷ್ಟೆಂಬುದು ಚೀಲ ಇಳಿಸುವ ಮೊದಲೇ ತಿಳಿದಿರುತ್ತದೆ. ಅದೇ ರೈತನ ಮಗಳಾದ ನಾನು, ನನ್ನ ಕೆಲಸಕ್ಕೆ ಊರಿನಲ್ಲಿ ಯಾವ ದರ ನಡೆಯುತ್ತಿದೆ ಎಂಬುದನ್ನು ಒಮ್ಮೆಯೂ ವಿಚಾರಿಸದೆ, ರಸಗೊಬ್ಬರ ಮತ್ತು ಬಿತ್ತನೆ ಬೀಜದ ಸಗಟು ಅಂಗಡಿಯೊಂದರಲ್ಲಿ ಮೂರು ವರ್ಷ ಒಂದೇ ಸಂಬಳಕ್ಕೆ ಲೆಕ್ಕ ಬರೆದೆ.

ಕಣ್ಣು ತೆರೆಸಿದ್ದು ಬೆಂಗಳೂರಿನ ಕಂಪನಿಯೊಂದರ ಕರೆ. ವರ್ಷಕ್ಕೆ 4,80,000 ರೂಪಾಯಿ ಸಿಟಿಸಿ (ನನಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಎಂದಾಗ ತಿಂಗಳಿಗೆ 40,000 ಎಂದು ಮನೆಯವರೆಲ್ಲ ಹಿಗ್ಗಿದರು. ನಾನು ವಿವರಪಟ್ಟಿ ತರಿಸಿಕೊಂಡು ಲೆಕ್ಕಕ್ಕೆ ಕುಳಿತೆ. ಅದರಲ್ಲಿ ಮೂಲವೇತನ 20,000. ಕಂಪನಿಯು ಕಟ್ಟುವ ಶೇ 12ರ ಪಿಎಫ್ (ಭವಿಷ್ಯ ನಿಧಿ) ಪಾಲು 2,400 ಮತ್ತು ಶೇ 4.81ರ ಲೆಕ್ಕದಲ್ಲಿ ಗ್ರ್ಯಾಚುಟಿಯ 962 ರೂಪಾಯಿ ಆ ನಲವತ್ತರೊಳಗೇ ಸೇರಿದ್ದವು. ಗ್ರ್ಯಾಚುಟಿಯಾದರೋ ಸಾಮಾನ್ಯವಾಗಿ ಐದು ವರ್ಷ ಪೂರೈಸಿ ಕೆಲಸ ಬಿಟ್ಟವರ ಕೈಸೇರುವ ಹಣ. ವರ್ಷದ ಕೊನೆಗೆ ಕೆಲಸ ನೋಡಿ ಕೊಡುವ ಮೊತ್ತವೆಂದು ತಿಂಗಳಿಗೆ 4,000 ಬೇರೆ ತೆಗೆದಿಟ್ಟಿದ್ದರು. ಇವಿಷ್ಟು ಹೋಗಿ, ನನ್ನ ಪಾಲಿನ ಪಿಎಫ್ 2,400 ಮತ್ತು ವೃತ್ತಿ ತೆರಿಗೆ 200 ಕಳೆದರೆ ಕೈಗೆ ಬರುವುದು 30,038. ಪಿಎಫ್ ನನ್ನದೇ ಹಣ, ಒಪ್ಪುತ್ತೇನೆ. ಆದರೆ ಅದನ್ನು ತೋರಿಸಿ ಬೆಂಗಳೂರಿನಲ್ಲಿ ಮನೆ ಬಾಡಿಗೆ ಕಟ್ಟಲಾಗುವುದಿಲ್ಲ. ವರ್ಷಾಂತ್ಯದ ಮೊತ್ತವನ್ನು ತಿಂಗಳ ಸಂಬಳಕ್ಕೇ ಸೇರಿಸಿ ಎಂದು ಕೇಳಿದೆ. ನಿಯಮವಿಲ್ಲ ಎಂದರು. ನಾನು ಹೋಗಲಿಲ್ಲ.

ಆದರೆ ಆ ಲೆಕ್ಕದ ಹಾಳೆ ವ್ಯರ್ಥವಾಗಲಿಲ್ಲ. ಆಗ ನನಗೆ ಬರುತ್ತಿದ್ದುದು 26,000. ಮೊದಲು ಹೊರಗಿನ ತೆರಿಗೆ ಸಲಹೆಗಾರರಿಗೆ ಶುಲ್ಕ ಕೊಟ್ಟು ಮಾಡಿಸುತ್ತಿದ್ದ ಜಿಎಸ್‌ಟಿ ರಿಟರ್ನ್‌ಗಳನ್ನು ಎರಡು ವರ್ಷಗಳಿಂದ ನಾನೇ ಸಲ್ಲಿಸುತ್ತಿದ್ದೆ. 11ನೇ ತಾರೀಕಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕ ಕೊಟ್ಟು ಕಟ್ಟುವ 3ಬಿ, ಒಮ್ಮೆಯೂ ವಿಳಂಬ ಶುಲ್ಕ ಬಿದ್ದಿರಲಿಲ್ಲ. ಹೀಗೆ ಅಂಗಡಿಗೆ ಉಳಿದ ಹಣವನ್ನು ಹಳೆಯ ರಸೀದಿಗಳಿಂದಲೇ ಕೂಡಿಸಿ, ಮುಂಗಾರಿನ ಬೀಜದ ಗಡಿಬಿಡಿ ಮುಗಿದ ಮೇಲೆ, ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಸಾಹುಕಾರರ ಮುಂದಿಟ್ಟೆ.

"ನೀನು ಮನೆ ಮಗಳಿದ್ದಂಗೆ ಇದೀಯಲ್ಲವ್ವ, ಇದೆಲ್ಲ ಬರಕೊಂಡು ಬರಬೇಕಿತ್ತೇನು?" ಎಂದರು. ಮಾತು ಪ್ರೀತಿಯದೇ, ಅನುಮಾನವಿಲ್ಲ. ಆದರೆ ಮನೆ ಮಗಳಿಗೆ ಯಾರೂ ಸಂಬಳ ಹೆಚ್ಚಿಸುವುದಿಲ್ಲವಷ್ಟೆ! ಸಣ್ಣ ಊರಿನ ಚೌಕಾಸಿಯಲ್ಲಿ ನಮ್ಮನ್ನು ಕಟ್ಟಿಹಾಕುವುದು ಬೆದರಿಕೆಗಿಂತ ಹೆಚ್ಚಾಗಿ ಈ ದಾಕ್ಷಿಣ್ಯವೇ. ಅಮ್ಮನ ಆಸ್ಪತ್ರೆ ಖರ್ಚು, ತಮ್ಮನ ಕಾಲೇಜಿನ ಶುಲ್ಕ ನಾಲಿಗೆಯ ತುದಿಗೆ ಬಂದಿದ್ದವು, ಹೇಳಲಿಲ್ಲ. ಕಷ್ಟ ಹೇಳಿಕೊಂಡರೆ ಮುಂಗಡ ಸಿಗುತ್ತದೆ, ಸಂಬಳ ಹೆಚ್ಚುವುದಿಲ್ಲ. ಬೆಂಗಳೂರಿನ ಕರೆಯನ್ನೂ ಎತ್ತಲಿಲ್ಲ. ಬಿಟ್ಟು ಹೋಗುವ ಮನಸ್ಸಿಲ್ಲದವಳು ಹೋಗುತ್ತೇನೆಂದು ಹೆದರಿಸಿ, "ಆಯಿತು, ಹೋಗಿ ಬಾರವ್ವ" ಎನ್ನಿಸಿಕೊಂಡರೆ ಗತಿಯೇನು?

"35,000 ಆಗಬೇಕು ಸಾಹುಕಾರ್ರೇ" ಎಂದು ಸುಮ್ಮನಾದೆ. ಆ ಮೌನದಲ್ಲಿ ನನ್ನ ಬಾಯಿಂದ ನಾನೇ ಎರಡು ಸಾವಿರ ಇಳಿಸಿಬಿಡುತ್ತಿದ್ದೆನೇನೋ. ಪುಣ್ಯಕ್ಕೆ ಅವರೇ 29 ಎಂದರು. ರಸೀದಿಗಳ ಮೊತ್ತವನ್ನು ಮತ್ತೊಮ್ಮೆ ತೋರಿಸಿದೆ. 32,000ಕ್ಕೆ ನಿಂತಿತು. ಇಪ್ಪತ್ತಕ್ಕಿಂತ ಕಡಿಮೆ ಜನರಿರುವ ನಮ್ಮ ಅಂಗಡಿಗೆ ಪಿಎಫ್ ಕಡ್ಡಾಯವಲ್ಲವಾದ್ದರಿಂದ ಆ ಮಾತು ಮುಂದುವರಿಯಲಿಲ್ಲ. ಬದಲಿಗೆ, ಪ್ರತಿ ಏಪ್ರಿಲ್‌ನಲ್ಲಿ ಸಂಬಳದ ಬಗ್ಗೆ ಕುಳಿತು ಮಾತನಾಡುವುದೆಂದು ಅಂಗಡಿಯ ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡೆ. "ನನ್ನ ಮಾತಿನ ಮೇಲೆ ನಂಬಿಕೆ ಇಲ್ಲೇನವ್ವ?" ಎಂದು ನಗುತ್ತಲೇ ಸಹಿ ಹಾಕಿ, ರಬ್ಬರ್ ಮೊಹರನ್ನು ಮಾತ್ರ ನನ್ನ ಕೈಯಿಂದಲೇ ಒತ್ತಿಸಿದರು.