ಮನೆಯಲ್ಲಿ ರೆಕಾರ್ಡಿಂಗ್‌ಗೆ ಎಂಥ ಕಂಪ್ಯೂಟರ್?

ಈ ಸಲ ಕಂಪ್ಯೂಟರ್ ಕೊಳ್ಳುವಾಗ ನಾನು ಮೊದಲು ನೋಡಿದ್ದು ಫ್ಯಾನ್ ಸದ್ದು. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಅಕ್ಕನ ವೀಣೆ ರೆಕಾರ್ಡ್ ಮಾಡಿದ್ದೆ. ಒಂದೊಂದು ಮೀಟು ನಿಧಾನವಾಗಿ ಕರಗುವ ಜಾಗದಲ್ಲೆಲ್ಲ ಗುಂಯ್ ಅನ್ನುವ ಸದ್ದು ಸೇರಿಕೊಂಡು ಇಡೀ ಟೇಕ್ ಹಾಳಾಯಿತು, ತುಂಬಾ ಬೇಜಾರಾಯಿತು.

ರ‍್ಯಾಮ್ 16 ಜಿಬಿ ಇರಲಿ. ದೊಡ್ಡ ಸ್ಯಾಂಪಲ್ ಲೈಬ್ರರಿ (ಮೊದಲೇ ರೆಕಾರ್ಡ್ ಮಾಡಿಟ್ಟ ವಾದ್ಯಗಳ ಸದ್ದಿನ ಸಂಗ್ರಹ) ಜಾಸ್ತಿ ಬಳಸುವವರಾದರೆ 32. ಸ್ಯಾಂಪಲ್‌ಗಳನ್ನು ಎಸ್‌ಎಸ್‌ಡಿಯಲ್ಲೇ ಇಡಿ, ಲೋಡ್ ಆಗಲಿ ಅಂತ ಕಾಯುತ್ತಾ ಕೂತರೆ ಹೊಳೆದ ಟ್ಯೂನ್ ಮರೆತೇ ಹೋಗುತ್ತದೆ, ಅಲ್ವಾ?

ಪ್ರೊಸೆಸರ್‌ಗೆ ನಿಜವಾದ ಪರೀಕ್ಷೆ ಲೇಟೆನ್ಸಿಯಲ್ಲಿ, ಅಂದರೆ ಹಾಡಿದ್ದು ಹೆಡ್‌ಫೋನ್‌ಗೆ ಬರುವಷ್ಟರಲ್ಲಿ ಆಗುವ ತಡದಲ್ಲಿ. ಬಫರ್ ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು. 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48,000 ಸ್ಯಾಂಪಲ್, ಇಲ್ಲಿ ಸ್ಯಾಂಪಲ್ ಅಂದರೆ ಸದ್ದಿನ ಒಂದು ಅಳತೆ) ಬಫರ್ 1024 ಸ್ಯಾಂಪಲ್ ಇಟ್ಟರೆ ಅದೊಂದರಿಂದಲೇ ಸುಮಾರು 21 ಮಿಲಿಸೆಕೆಂಡ್ ತಡ, ಹೆಡ್‌ಫೋನ್‌ನಲ್ಲಿ ನಮ್ಮ ದನಿಯೇ ಹಿಂದೆ ಬಿದ್ದಂತೆ ಕೇಳಿ ತಾಳ ತಪ್ಪುತ್ತದೆ. 128ಕ್ಕೆ ಇಳಿಸಿದರೆ 2.7 ಮಾತ್ರ, ಆದರೆ ಪ್ರೊಸೆಸರ್ ಸೋತರೆ ಪಟಪಟ ಸದ್ದು ಶುರು. ಹಾಡುವಾಗ ಕಡಿಮೆ ಇಡಿ, ಮಿಕ್ಸ್ ಮಾಡುವಾಗ ಏರಿಸಿ. ವಿಂಡೋಸ್ ಆದರೆ ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ಜೊತೆ ಬರುವ, ಈ ತಡ ತಗ್ಗಿಸುವ ಎಎಸ್‌ಐಒ ಡ್ರೈವರ್ ಹಾಕಿಕೊಳ್ಳಿ.

ಗ್ರಾಫಿಕ್ಸ್ ಕಾರ್ಡ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಆ ದುಡ್ಡಲ್ಲಿ ಒಳ್ಳೆಯ ಮೈಕ್ ತೆಗೆದುಕೊಳ್ಳಿ. ನಾನು ಹಾಗೇ ಮಾಡಿದೆ, ಮುಂದಿನ ಭಾನುವಾರ ಅಕ್ಕ ಮತ್ತೆ ವೀಣೆ ತರುತ್ತಾಳೆ.